ಕೈ ನೋಯದಂತೆ ಹುಟ್ಟು ಹಾಕಲು ಯಾವುದನ್ನು ಆರಿಸಬೇಕು?

ಸೋಮವಾರ ಮಧ್ಯಾಹ್ನ ಊಟದ ಡಬ್ಬಿ ತೆರೆದು ಖಡಕ್ ರೊಟ್ಟಿ ಮುರಿಯಲು ಹೋದೆ. ಬಲಗೈಯ ಹೆಬ್ಬೆರಳು ಒಪ್ಪಲಿಲ್ಲ. ಮುಟ್ಟಿದರೆ ಮುರಿಯುವಂಥ ರೊಟ್ಟಿ ಅದು. ಕೊನೆಗೆ ಪಕ್ಕದ ಮೇಜಿನವರು ಮುರಿದುಕೊಟ್ಟರು. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವನು ನಾನು. ವಾರದ ಆರು ದಿನ ಕೀಬೋರ್ಡ್, ಏಳನೆಯ ದಿನ ಸಾಣಾಪುರದ ಕೆರೆಯಲ್ಲಿ ಗೆಳೆಯನ ಗಾಳಿ ತುಂಬುವ ಕಯಾಕ್, ಅಂದರೆ ಕೂತು ಹುಟ್ಟು ಹಾಕುವ ಸಣ್ಣ ದೋಣಿ. ಬೆರಳುಗಳಿಗೆ ರಜೆಯನ್ನೇ ಕೊಟ್ಟಿಲ್ಲ ಎಂಬುದು ಆವತ್ತು ಅರಿವಾಯಿತು.

ಆಮೇಲಿನ ಎರಡು ವರ್ಷಗಳಲ್ಲಿ ಕೈಗವಸು, ಟೇಪು, ಸುತ್ತುಪಟ್ಟಿ, ಪ್ಯಾಡಲ್ಲಿನ (ಕಯಾಕಿನ ಹುಟ್ಟಿನ) ದಪ್ಪ ಕೋಲು, ತೆಳು ಕೋಲು, ಹಗುರ ಪ್ಯಾಡಲ್ ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಕೆಲವು ಸ್ವಂತ ದುಡ್ಡಿನವು, ಹೆಚ್ಚಿನವು ಅವರಿವರಿಂದ ತಂದವು. ಹೋಲಿಸುವಾಗ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಇದರಿಂದ ನನ್ನ ಹಿಡಿತ ಸಡಿಲವಾಗುತ್ತದೆಯೋ, ಇನ್ನಷ್ಟು ಬಿಗಿಯಾಗುತ್ತದೆಯೋ? ಅಂಗಡಿಯವರು ಹೇಳುವ ಗುಣಗಳೆಲ್ಲ ಆಮೇಲಿನ ಮಾತು.

ಈ ಪ್ರಶ್ನೆಗೆ ಕಾರಣವಿದೆ. ಬೆರಳುಗಳನ್ನು ಮಡಿಸುವ ದೊಡ್ಡ ಸ್ನಾಯುಗಳು ಅಂಗೈಯಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಸ್ನಾಯುರಜ್ಜುಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬೆರಳಿಗೆ ಬರುತ್ತವೆ. ಬಿಗಿಹಿಡಿದ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ನಡುನಡುವೆ ಬಿಟ್ಟರೆ ಮಾತ್ರ ಅದಕ್ಕೆ ಉಸಿರು. ಮಣಿಕಟ್ಟು ಬಾಗಿದ್ದರಂತೂ ಅದೇ ಹಿಡಿತಕ್ಕೆ ಹೆಚ್ಚು ಬಲ ಬೇಕು. ಅನುಮಾನವಿದ್ದರೆ ಅಂಗೈಯನ್ನು ಒಳಮುಖವಾಗಿ ಪೂರ್ತಿ ಬಾಗಿಸಿ ಮುಷ್ಟಿ ಕಟ್ಟಿ ನೋಡಿ. ಗಟ್ಟಿ ಮುಷ್ಟಿ ಕೂಡುವುದೇ ಇಲ್ಲ. ಇನ್ನು ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಬಾರಿ ಹೀಗೆ ಬಾಗಿದ ಕೈಯಿಂದ ಕೋಲನ್ನು ಎಳೆದರೆ ಏನಾದೀತು?

ನೋವು ಎಲ್ಲಿದೆ?

ಏನನ್ನಾದರೂ ಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳಬೇಕು. ನಾನು ನೋಡಲಿಲ್ಲ, ಅದಕ್ಕೆ ದಂಡ ತೆತ್ತೆ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ, ಬೆರಳಿನ ಬುಡ, ಇಲ್ಲಿ ಗುಳ್ಳೆ ಎದ್ದರೆ ಅದು ಚರ್ಮದ ತೊಂದರೆ. ನೀರು, ಬೆವರು, ಉಜ್ಜಾಟ ಮೂರೂ ಸೇರಿ ಆಗುವುದು. ಅಗ್ಗದಲ್ಲಿ ಪರಿಹಾರವಾಗುತ್ತದೆ. ಮುಂಗೈಯ ಮೇಲ್ಭಾಗ ಬಿರುಸಾಗಿ, ದಣಿದು ನೋಯುತ್ತಿದ್ದರೆ ಅದು ಸ್ನಾಯುವಿನ ಆಯಾಸ. ಹಿಡಿತವನ್ನೂ ಪ್ಯಾಡಲ್ ತೂಕವನ್ನೂ ನೋಡಬೇಕು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಅಂಚಿನವರೆಗೆ ಚುಚ್ಚಿದರೆ ಸ್ನಾಯುರಜ್ಜುವಿನ ಹೊದಿಕೆ ಕೆರಳಿರಬಹುದು. ನನ್ನದು ಇದೇ ಆಗಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ರಾತ್ರಿ ನಿದ್ದೆಯಲ್ಲಿ ಎಚ್ಚರವಾಗುವಷ್ಟು ಜುಮುಗುಟ್ಟಿದರೆ ಅದು ನರದ ಸಂಗತಿ. ಆಗ ಕೈಗವಸಿನ ಅಂಗಡಿಗೆ ಹೋಗಿ ಫಲವಿಲ್ಲ.

ಚರ್ಮದ ನೋವಿಗೆ ಪ್ಯಾಡಲ್ ಬದಲಿಸುವುದು, ರಜ್ಜುವಿನ ನೋವಿಗೆ ಕೈಗವಸು ತೊಡುವುದು: ಹೆಚ್ಚಿನವರ ದುಡ್ಡು ಪೋಲಾಗುವುದು ಈ ಎರಡು ತಪ್ಪುಗಳಲ್ಲಿ.

ಕೈಗವಸೋ, ಟೇಪೋ, ಬರಿಗೈಯೋ?

ಮೊದಲು ನಾನು ಕೊಂಡದ್ದು ಪೂರ್ತಿ ಬೆರಳು ಮುಚ್ಚುವ, ಅಂಗೈಗೆ ಮೆತ್ತೆ ಇರುವ ಬೈಕ್ ಸವಾರರ ಕೈಗವಸು. ಗುಳ್ಳೆಗಳು ನಿಂತವು, ಮುಂಗೈ ನೋವು ಹೆಚ್ಚಿತು. ಮೆತ್ತೆಯಿಂದ ಕೋಲಿನ ಸುತ್ತಳತೆ ಬೆಳೆದಂತಾಗಿ, ಕೋಲು ಕೈಗೆ ಸರಿಯಾಗಿ ತಿಳಿಯದೆ, ಕೈ ತನಗೆ ತಾನೇ ಇನ್ನಷ್ಟು ಬಿಗಿಯಾಗುತ್ತಿತ್ತು. ಏಪ್ರಿಲ್ ಬಿಸಿಲಿನಲ್ಲಿ ಒಳಗಿನ ಬೆವರು ಬೇರೆ. ಆ ಕೈಗವಸು ಈಗ ನಮ್ಮ ಮನೆಯಲ್ಲಿ ಒಣ ಮೆಣಸಿನಕಾಯಿ ತೊಟ್ಟು ತೆಗೆಯುವ ಕೆಲಸಕ್ಕೆ ಬಳಕೆಯಲ್ಲಿದೆ, ಬಹಳ ಉಪಯುಕ್ತವಾಗಿದೆ.

ಕೈಗವಸು ಬೇಕೇ ಬೇಕೆನ್ನುವವರು ಬೆರಳ ತುದಿ ತೆರೆದ, ತೆಳು ಬಟ್ಟೆಯ, ಕೈಗೆ ಅಂಟಿ ಕೂರುವಂಥದ್ದನ್ನು ಆರಿಸಬೇಕು. ಒಳಹೊಲಿಗೆ ಹೆಬ್ಬೆರಳ ಸಂದಿಯಲ್ಲಿ ಹಾದುಹೋಗಿದ್ದರೆ ಬೇಡ. ಹೊಲಿಗೆಯೇ ಗುಳ್ಳೆ ಎಬ್ಬಿಸುತ್ತದೆ. ಅಂಗೈ ಹಿಂಬದಿಗೆ ಬಿಸಿಲು ತಾಗದಿರುವುದು ಇದರ ನಿಜವಾದ ಲಾಭ. ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ಕಂಡವರಿಗೆ ಅದು ಸಣ್ಣ ಲಾಭವಲ್ಲ.

ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಅಂಟುಟೇಪು ನನ್ನ ಮಟ್ಟಿಗೆ ಕೈಗವಸಿಗಿಂತ ಮೇಲು. ಎಲ್ಲಿ ಉಜ್ಜುತ್ತದೆಯೋ ಅಲ್ಲಿಗಷ್ಟೇ ಒಂದು ಸುತ್ತು. ದಪ್ಪವಾಗುವುದಿಲ್ಲ, ಕೋಲು ಕೈಗೆ ತಿಳಿಯುತ್ತದೆ. ಒಣ ಕೈಗೆ, ನೀರಿಗೆ ಇಳಿಯುವ ಮೊದಲೇ ಹಾಕಬೇಕು. ಒದ್ದೆ ಚರ್ಮಕ್ಕೆ ಅದು ನಿಲ್ಲುವುದಿಲ್ಲ. ಬೆರಳಿನ ಸುತ್ತ ಬಿಗಿಯಾಗಿ ಸುತ್ತಿದರೆ ಬೆರಳು ಊದಿಕೊಳ್ಳುತ್ತದೆ, ಆದ್ದರಿಂದ ಬೆರಳು ಮಡಿಸಿ ನೋಡಿ ಅಂಟಿಸಬೇಕು.

ಬರಿಗೈ? ವಾರಕ್ಕೆ ಮೂರು ನಾಲ್ಕು ದಿನ ನೀರಿಗೆ ಇಳಿಯುವವರಿಗೆ ಅದೇ ಸರಿ. ಕೈ ನಿಧಾನವಾಗಿ ಜಡ್ಡುಗಟ್ಟುತ್ತದೆ. ನನ್ನಂತೆ ಭಾನುವಾರಕ್ಕೊಮ್ಮೆ ಹೋಗುವವರಿಗೆ ಜಡ್ಡು ಕಟ್ಟುವುದಿಲ್ಲ, ಪ್ರತಿ ವಾರ ಹೊಸ ಗುಳ್ಳೆ. ಅಪ್ಪಿತಪ್ಪಿ ಜಡ್ಡು ಕಟ್ಟಿದರೂ ಅದರ ಅಂಚನ್ನು ಉಜ್ಜಿ ಸಮ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಇಡೀ ಜಡ್ಡೇ ಕಿತ್ತು ಬರುತ್ತದೆ. ಒಡೆದ ಗುಳ್ಳೆಯನ್ನು ಮುಚ್ಚದೆ ಕೆರೆ ನೀರಿಗೆ ಇಳಿಯಬಾರದು.

ಕೋಲಿಗೆ ಸುತ್ತುವ ಪಟ್ಟಿ

ಸೈಕಲ್ ಟ್ಯೂಬು ಸೀಳಿ ಸುತ್ತಿದರೆ ಜಾರುವುದಿಲ್ಲ ಎಂದು ಗೆಳೆಯ ಹೇಳಿದ. ನಿಜ, ಜಾರುವುದಿಲ್ಲ. ತೊಂದರೆಯೂ ಅದೇ. ಎರಡು ಕಡೆ ಅಲಗು (ನೀರು ಎಳೆಯುವ ಅಗಲ ತುದಿ) ಇರುವ ಪ್ಯಾಡಲ್ಲಿನಲ್ಲಿ ಒಂದು ಕೈ ಹಿಡಿದಿರುತ್ತದೆ, ಇನ್ನೊಂದು ಕೈಯೊಳಗೆ ಕೋಲು ತಿರುಗಬೇಕಾಗುತ್ತದೆ. ತಿರುಗಬೇಕಾದಲ್ಲಿ ರಬ್ಬರು ಕಚ್ಚಿಕೊಂಡರೆ ಚರ್ಮ ಕೀಳುತ್ತದೆ, ಇಲ್ಲವೇ ಮಣಿಕಟ್ಟು ತಿರುಚಿಕೊಳ್ಳುತ್ತದೆ. ನನ್ನ ಎಡಗೈಯ ಗುಳ್ಳೆಗಳ ಮೂಲ ಅದಾಗಿತ್ತು. ಕರಿ ರಬ್ಬರು ಬಿಸಿಲಿಗೆ ಕಾಯುವುದು ಬೇರೆ.

ಬ್ಯಾಡ್ಮಿಂಟನ್ ರಾಕೆಟ್ಟಿಗೆ ಸುತ್ತುವ ತೆಳು ಪಟ್ಟಿ ಇದಕ್ಕಿಂತ ಉತ್ತಮ. ಬೆವರು ಹೀರುತ್ತದೆ, ಎಲ್ಲ ಆಟದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಸುತ್ತುವುದಾದರೆ ಹಿಡಿಯುವ ಕೈಯ ಕಡೆ ಮಾತ್ರ ಸುತ್ತಿ. ಪಟ್ಟಿ ತೆಳುವಾದರೂ ಸುತ್ತಿದಾಗ ಕೋಲಿನ ದಪ್ಪ ಒಂದೆರಡು ಮಿಲಿಮೀಟರ್ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ತೆಳು ಕೋಲು ಇದ್ದವರಿಗೆ ಅದು ವರ, ಮೊದಲೇ ದಪ್ಪ ಕೋಲು ಇದ್ದವರಿಗೆ ಪೀಡೆ.

ದಪ್ಪ ಸರಿ ಇದೆಯೇ ಎಂದು ತಿಳಿಯಲು ಅಳತೆಪಟ್ಟಿ ಬೇಡ. ಕೋಲಿನ ಸುತ್ತ ಹೆಬ್ಬೆರಳು, ತೋರುಬೆರಳುಗಳನ್ನು ಸಡಿಲವಾಗಿ ಬಳಸಿ. ತುದಿಗಳು ತಾಗಿದರೆ ಅಥವಾ ಸ್ವಲ್ಪ ಒಂದರ ಮೇಲೊಂದು ಬಂದರೆ ಸರಿ. ತಾಗಲು ಎಳೆದಾಡಬೇಕಾದರೆ ಕೋಲು ನಿಮಗೆ ದಪ್ಪ. ಸಾಮಾನ್ಯ ಕಯಾಕ್ ಪ್ಯಾಡಲ್ಲುಗಳ ಕೋಲು 29ರಿಂದ 31 ಮಿಲಿಮೀಟರ್ ದಪ್ಪ ಇರುತ್ತದೆ. ಚಿಕ್ಕ ಕೈಯವರಿಗಾಗಿ ಇದಕ್ಕಿಂತ ತೆಳುವಾದವೂ ಬರುತ್ತವೆ, ಆದರೆ ಕೇಳಿ ತರಿಸಿಕೊಳ್ಳಬೇಕು. ನಮ್ಮ ಗುಂಪಿನ ಇಬ್ಬರು ಹೆಣ್ಣುಮಕ್ಕಳು ವರ್ಷವಿಡೀ ಕೈ ನೋವೆಂದು ಹೇಳುತ್ತಿದ್ದುದು ಬರೀ ಈ ಎರಡು ಮೂರು ಮಿಲಿಮೀಟರಿಗಾಗಿ. "ಅಭ್ಯಾಸವಿಲ್ಲ, ಸರಿಹೋಗುತ್ತದೆ" ಎಂದು ಉಪದೇಶ ಕೊಟ್ಟವರಲ್ಲಿ ನಾನೂ ಒಬ್ಬ.

ದುಡ್ಡು ಖರ್ಚಾಗದ ಬದಲಾವಣೆ

ಅಗ್ಗದ ಪ್ಯಾಡಲ್ಲುಗಳ ನಡುವಿನ ಜೋಡಣೆಯಲ್ಲಿ ಸಾಮಾನ್ಯವಾಗಿ ಮೂರು ತೂತುಗಳಿರುತ್ತವೆ. ನಡುವಿನದರಲ್ಲಿ ಒತ್ತುಗುಂಡಿ ಕೂತರೆ ಎರಡೂ ಅಲಗುಗಳು ಒಂದೇ ಮಟ್ಟದಲ್ಲಿರುತ್ತವೆ. ಆಚೆ ಈಚೆಯವುಗಳಲ್ಲಿ ಕೂತರೆ ಒಂದು ಅಲಗು ಇನ್ನೊಂದಕ್ಕೆ ಓರೆಯಾಗುತ್ತದೆ, ಹಲವುಗಳಲ್ಲಿ 60 ಡಿಗ್ರಿಯಷ್ಟು. ಎದುರುಗಾಳಿಯಲ್ಲಿ ಮೇಲಿರುವ ಅಲಗು ಗಾಳಿಗೆ ಅಡ್ಡವಾಗದಿರಲಿ ಎಂದು ಈ ಓರೆ. ಅದಕ್ಕೆ ತೆರುವ ಬೆಲೆ ಮಣಿಕಟ್ಟಿನದು: ಪ್ರತಿ ಸಲ ಎಡಗಡೆ ಎಳೆಯುವಾಗ ಬಲ ಮಣಿಕಟ್ಟನ್ನು ಹಿಂದಕ್ಕೆ ಮಡಿಸಿ ಅಲಗನ್ನು ತಿರುಗಿಸಬೇಕು.

ಗೆಳೆಯ ಜೋಡಿಸಿಕೊಟ್ಟಿದ್ದ ಪ್ಯಾಡಲ್ಲಿನಲ್ಲಿ ಗುಂಡಿ ಅಂಚಿನ ತೂತಿನಲ್ಲಿ ಕೂತಿದೆ ಎಂಬುದೇ ನನಗೆ ಆರು ತಿಂಗಳು ಗೊತ್ತಿರಲಿಲ್ಲ. ನಡುವಿನ ತೂತಿಗೆ ಹಾಕಿದ ಮೊದಲ ವಾರವೇ ವ್ಯತ್ಯಾಸ ಕಂಡಿತು. ಆಷಾಢದ ಗಾಳಿಯಲ್ಲಿ ಕೆರೆ ದಾಟುವವರಿಗೆ ಓರೆ ಉಪಯೋಗಕ್ಕೆ ಬರುತ್ತದೆ, ಒಪ್ಪುತ್ತೇನೆ. ಆದರೆ ಆಷಾಢದ ಗಾಳಿಯಲ್ಲಿ ಗಾಳಿ ತುಂಬಿದ ದೋಣಿ ಇಳಿಸುವವರಿಗೆ ಕೈ ನೋವಿಗಿಂತ ದೊಡ್ಡ ಚಿಂತೆಗಳು ಇರಬೇಕು. ಕೋನವನ್ನು ಬೇಕಾದಂತೆ ಇಟ್ಟುಕೊಳ್ಳುವ ಪ್ಯಾಡಲ್ ಇದ್ದರೆ 30 ಡಿಗ್ರಿಯೊಳಗೆ ಇರಲಿ.

ಇನ್ನೊಂದು ಖರ್ಚಿಲ್ಲದ್ದು ಕೈಗಳ ನಡುವಿನ ಅಂತರ. ಪ್ಯಾಡಲ್ಲನ್ನು ತಲೆಯ ಮೇಲೆ ಅಡ್ಡಲಾಗಿ ಇಟ್ಟು ಹಿಡಿಯಿರಿ. ಮೊಣಕೈಗಳು ಮೂಲೆಮಟ್ಟದಂತೆ ನೇರ ಕೋನಕ್ಕೆ ಬಂದರೆ ಅಂತರ ಸರಿ. ಆ ಜಾಗಗಳಿಗೆ ಬಣ್ಣದ ಟೇಪಿನ ಗುರುತು ಹಾಕಿಕೊಂಡರೆ ದಣಿದಾಗ ಕೈ ಜಾರಿ ಬಂದದ್ದು ತಿಳಿಯುತ್ತದೆ.

ಅಲ್ಯೂಮಿನಿಯಂ, ಕಾರ್ಬನ್, ಬಾಗು ಕೋಲು

ಲೆಕ್ಕದವನ ಬುದ್ಧಿ, ಲೆಕ್ಕ ಹಾಕಿಯೇ ನೋಡಿದೆ. ಅಲ್ಯೂಮಿನಿಯಂ ಕೋಲಿನ ಪ್ಲಾಸ್ಟಿಕ್ ಅಲಗಿನ ಪ್ಯಾಡಲ್ ಒಂದು ಕಿಲೋ ದಾಟುತ್ತದೆ. ಕಾರ್ಬನ್ನಿನದು ಅದಕ್ಕಿಂತ ಸುಮಾರು 300 ಗ್ರಾಂ ಹಗುರ ಎಂದುಕೊಳ್ಳೋಣ. ನಿಮಿಷಕ್ಕೆ 40 ಎಳೆತವಾದರೆ ಗಂಟೆಗೆ 2,400. ಪ್ರತಿ ಎಳೆತಕ್ಕೂ 300 ಗ್ರಾಂ ಹೆಚ್ಚು ಎತ್ತಿದರೆ 720 ಕಿಲೋ. ನಮ್ಮ ಕಡೆಯ 75 ಕಿಲೋ ಭತ್ತದ ಚೀಲಗಳಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಹತ್ತು ಚೀಲ! ಪ್ರತಿ ಎಳೆತದಲ್ಲೂ ಪೂರ್ತಿ ಪ್ಯಾಡಲ್ಲನ್ನು ಎತ್ತುವುದಿಲ್ಲ, ಅರ್ಧ ಭಾರ ನೀರೇ ಹೊರುತ್ತದೆ ಎಂದು ಗೆಳೆಯ ವಾದಿಸಿದ. ಹಾಗಾದರೆ ಐದು ಚೀಲ ಎಂದಿಟ್ಟುಕೊಳ್ಳಿ.

ಇಷ್ಟಾದರೂ ಕಾರ್ಬನ್ ಕೊಳ್ಳಿ ಎಂದು ಎಲ್ಲರಿಗೂ ಹೇಳಲಾರೆ. ಆ ಬೆಲೆಗೆ ಓಡುವ ಹಳೆಯ ಮೊಪೆಡ್ ಸಿಗುತ್ತದೆ. ತಿಂಗಳಿಗೆ ಒಂದೆರಡು ಸಲ ಗಂಟೆ ಹೊತ್ತು ನೀರಿಗೆ ಇಳಿಯುವವರಿಗೆ ಅಲ್ಯೂಮಿನಿಯಂ ಸಾಕು. ದಡದ ಬಿಸಿಲಿನಲ್ಲಿ ಇಟ್ಟು ಮರೆತರೆ ಕೋಲು ಕಾದ ಹಂಚಿನಂತಾಗುತ್ತದೆ ಎಂಬುದಷ್ಟೇ ಅದರ ದೊಡ್ಡ ದೋಷ. ಎರಡರ ನಡುವೆ ಫೈಬರ್‌ಗ್ಲಾಸ್ ಕೋಲಿನವು ಇವೆ. ತೂಕದಲ್ಲೂ ಬೆಲೆಯಲ್ಲೂ ನಡುವಿನವು. ಪ್ರತಿ ವಾರ ಹೋಗುವವರಿಗೆ ನನ್ನ ಮತ ಅದಕ್ಕೆ.

ತೂಕಕ್ಕಿಂತ ಅಲಗಿನ ಅಗಲವನ್ನು ಮೊದಲು ನೋಡಬೇಕು ಎಂಬುದು ತಡವಾಗಿ ತಿಳಿಯಿತು. ಅಗಲ ಅಲಗು ಹೆಚ್ಚು ನೀರು ಹಿಡಿಯುತ್ತದೆ, ದೋಣಿ ಜಿಗಿಯುತ್ತದೆ, ಜೊತೆಗೆ ಅಷ್ಟೇ ಎಳೆತ ಮಣಿಕಟ್ಟಿಗೂ ಬೀಳುತ್ತದೆ. ಸಣ್ಣ ಅಲಗಿನಿಂದ ಸ್ವಲ್ಪ ಬೇಗ ಬೇಗ ಎಳೆಯುವುದು ನೋಯುವ ಕೈಗೆ ಹಿತ. ಹೊಲಿಗೆ ಯಂತ್ರದ ಪೆಡಲ್ ತುಳಿದಂತೆ: ಒಂದೊಂದು ತುಳಿತಕ್ಕೂ ಬಲ ಹಾಕುವವರು ಬೇಗ ದಣಿಯುತ್ತಾರೆ. ಉದ್ದವೂ ಹಾಗೆಯೇ. ಅಗಲವಾದ ಗಾಳಿ ದೋಣಿಗೆ 230ರಿಂದ 240 ಸೆಂಟಿಮೀಟರ್ ಬೇಕಾಗಬಹುದು, ಕಿರಿದಾದ ಕಯಾಕಿಗೆ 210ರಿಂದ 220 ಸಾಕು. ಅಗತ್ಯಕ್ಕಿಂತ ಉದ್ದದ ಕೋಲು ಉದ್ದ ಸನಿಕೆಯ ಹಾಗೆ. ತುದಿಯ ಭಾರವೆಲ್ಲ ಕೈಗೆ ಬರುತ್ತದೆ.

ಹಿಡಿಯುವ ಜಾಗದಲ್ಲಿ ಅಂಕುಡೊಂಕಾಗಿ ಬಾಗಿರುವ ಕೋಲುಗಳು ಮಣಿಕಟ್ಟನ್ನು ನೇರವಾಗಿಡಲು ಮಾಡಿದವು. ಗೆಳೆಯನ ನೆಂಟರೊಬ್ಬರು ಬೆಂಗಳೂರಿನಿಂದ ತಂದಿದ್ದನ್ನು ಒಂದು ಬೆಳಗ್ಗೆ ಬಳಸಿದೆ. ಹೆಬ್ಬೆರಳ ಬುಡಕ್ಕೆ ನಿಜಕ್ಕೂ ಆರಾಮ. ಆದರೆ ಕೈ ಒಂದೇ ಜಾಗದಲ್ಲಿ ಕಟ್ಟುಬಿದ್ದಂತೆ, ಆಚೀಚೆ ಸರಿಸಿ ಹಿಡಿಯುವ ಹಾಗಿಲ್ಲ. ಅವರ ಭುಜದಗಲಕ್ಕೆ ಮಾಡಿದ ಬಾಗು ನನ್ನದಕ್ಕೆ ಕೂಡಲೂ ಇಲ್ಲ. ಬಳಸಿ ನೋಡದೆ ಇದನ್ನು ಕೊಳ್ಳಬಾರದು.

ಹರಿಗೋಲಿನ ಹುಟ್ಟು

ತುಂಗಭದ್ರೆಯ ದಡದಲ್ಲಿ ಕೂತು ಕಯಾಕಿನ ಬಗ್ಗೆಯಷ್ಟೇ ಬರೆದರೆ ಊರಿನವರು ನಕ್ಕಾರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಚರ್ಮ ಹೊದಿಸಿದ ದುಂಡು ಹರಿಗೋಲುಗಳನ್ನು ಕಂಡು, ಇವು ನೇರ ಹೋಗಲಾರವು, ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗುವುದು ಮಾತ್ರ ನಿಂತಿಲ್ಲ. ರಾಯಚೂರು ಕಡೆ ಕೃಷ್ಣೆಯ ನಡುಗಡ್ಡೆಗಳಿಗೂ ಇದೇ ವಾಹನ.

ತಿರುಗುವ ಬುಟ್ಟಿಯನ್ನು ನೇರ ಒಯ್ಯಬೇಕಾದರೆ ಮುಂದೆ ಹುಟ್ಟು ಚಾಚಿ ತನ್ನತ್ತ ಎಳೆಯಬೇಕು, ಎಡಕ್ಕೊಮ್ಮೆ ಬಲಕ್ಕೊಮ್ಮೆ. ಅಂಗೈ ನೋವಿನ ಲೆಕ್ಕದಲ್ಲಿ ಒಂಟಿ ಅಲಗಿನ ಹುಟ್ಟು ಜೋಡಿ ಅಲಗಿಗಿಂತ ಒಂದು ವಿಷಯದಲ್ಲಿ ಮೇಲು: ಮಣಿಕಟ್ಟನ್ನು ತಿರುಚಬೇಕಿಲ್ಲ, ಮೇಲಿನ ಕೈ ಕೋಲಿನ ತುದಿಯನ್ನು ಅಂಗೈಯಿಂದ ಒತ್ತಿದರೆ ಸಾಕು. ಆದರೆ ತೂಕ ಹೆಚ್ಚು, ಭಾರವೆಲ್ಲ ಹೆಗಲು ಮತ್ತು ಸೊಂಟಕ್ಕೆ ಹೋಗುತ್ತದೆ. ಆನೆಗೊಂದಿ ಕಡೆಯ ಅಂಬಿಗರೊಬ್ಬರನ್ನು ನಾನು ಕಾಕಾ ಎನ್ನುತ್ತೇನೆ. ಅವರ ಕೈಗೆ ಏನೂ ಆಗಿಲ್ಲ, ಬಲ ಹೆಗಲನ್ನು ಮಾತ್ರ ಕಿವಿಯ ಮಟ್ಟಕ್ಕಿಂತ ಮೇಲೆ ಎತ್ತಲಾಗುವುದಿಲ್ಲ.

ನನ್ನ ಬೆಳ್ಳಗಾದ ಗೆಣ್ಣುಗಳನ್ನು ನೋಡಿ ಅವರು ಕೇಳಿದ್ದು ಇಷ್ಟು: "ತಮ್ಮಾ, ಕೋಲು ಎಲ್ಲಿಗೂ ಓಡಿಹೋಗುವುದಿಲ್ಲ, ಯಾಕೆ ಅಷ್ಟು ಗಟ್ಟಿಯಾಗಿ ಹಿಡಿದಿದ್ದೀಯ?" ಈಜು ಬರದ ಭಯ ಎಂದು ಒಪ್ಪಿಕೊಂಡೆ. ಆವತ್ತಿನಿಂದ ಜೀವರಕ್ಷಕ ಜಾಕೆಟ್ಟಿನ ಪಟ್ಟಿಗಳನ್ನು ಸರಿಯಾಗಿ ಬಿಗಿದು ಕೂರುತ್ತೇನೆ. ಜಾಕೆಟ್ ಬಿಗಿಯಾದಷ್ಟೂ ಕೈ ಸಡಿಲವಾಯಿತು. ನೋವಿನ ಉಪಾಯಗಳಲ್ಲಿ ಜಾಕೆಟ್ಟನ್ನು ಯಾರೂ ಎಣಿಸುವುದಿಲ್ಲ, ನನಗೆ ಅದು ಕೈಗವಸಿಗಿಂತ ಹೆಚ್ಚು ಕೆಲಸ ಮಾಡಿದೆ. ಕಾಲು ಒತ್ತಿ ಕೂರಲು ಏನಾದರೂ ಆಸರೆ ಇದ್ದರೂ ಹಾಗೆಯೇ. ಕಾಲಿಗೆ ಆಸರೆ ಇಲ್ಲದವರು ಕೈಯಿಂದ ದೋಣಿಗೆ ಜೋತುಬಿದ್ದಂತೆ ಇರುತ್ತಾರೆ.

ಮರದ ಹುಟ್ಟಿನ ಹಿಡಿಗೆ ವಾರ್ನಿಷ್ ಬಳಿದಿದ್ದರೆ ಒದ್ದೆ ಕೈಗೆ ಅದು ಅಂಟಿ ಉಜ್ಜುತ್ತದೆ. ಹಿಡಿಯುವ ಜಾಗದಷ್ಟನ್ನು ಸ್ಯಾಂಡ್ ಪೇಪರಿನಿಂದ ಕೆರೆದು ಅಗಸೆ ಎಣ್ಣೆ ಒರೆಸಿ ಕೆಲವು ದಿನ ಒಣಗಲು ಬಿಟ್ಟರೆ ಗುಳ್ಳೆ ಬಹಳ ಕಡಿಮೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಹರಡಿ ಒಣಗಿಸಿ.

ನದಿಗೇ ಇಳಿಯುವ ಆಸೆ ಇದ್ದವರಿಗೆ ಒಂದು ಮಾತು: ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆ ನೀರುನಾಯಿಗಳ ಸಂರಕ್ಷಿತ ಪ್ರದೇಶ, ಮೊಸಳೆಗಳೂ ಇವೆ, ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಕೇಳದೆ ಏರುತ್ತದೆ. ಅರಣ್ಯ ಇಲಾಖೆಯನ್ನೂ ಸ್ಥಳೀಯ ಅಂಬಿಗರನ್ನೂ ಕೇಳಿಯೇ ಇಳಿಯಬೇಕು.

ಹಿಡಿಯುವ ಬಗೆ

ಎಳೆಯುವ ಕೈಯ ಬೆರಳುಗಳು ಕೊಕ್ಕೆಯಂತೆ ಇದ್ದರೆ ಸಾಕು, ಮುಷ್ಟಿ ಬೇಡ. ತಳ್ಳುವ ಕೈಯ ಬೆರಳುಗಳನ್ನು ಬಿಚ್ಚಿ, ಕೋಲು ಹೆಬ್ಬೆರಳ ಸಂದಿಯಲ್ಲಿ ಕೂತಿರಲಿ. ಹೀಗೆ ಮಾಡಿದರೆ ಪ್ರತಿ ಎಳೆತದಲ್ಲೂ ಒಂದು ಕೈಗೆ ಬಿಡುವು ಸಿಗುತ್ತದೆ. ಎಳೆಯುವ ಶಕ್ತಿ ಸೊಂಟದಿಂದ ಮೈ ತಿರುಗಿಸುವುದರಿಂದ ಬರಬೇಕು, ಬೀಸುವ ಕಲ್ಲು ತಿರುಗಿಸುವವರ ಹಾಗೆ. ಮೊದಲಿಗೆ 20 ನಿಮಿಷಕ್ಕೊಮ್ಮೆ ಪ್ಯಾಡಲ್ಲನ್ನು ತೊಡೆಯ ಮೇಲಿಟ್ಟು ಕೈ ಕೊಡವಬೇಕು.

ಸ್ಪ್ರಿಂಗ್ ಒತ್ತುವ ಹಿಡಿತದ ಸಾಧನವನ್ನು ಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ನೋವಿಲ್ಲದ ಕೈಗೆ ತೊಂದರೆಯಿಲ್ಲ. ನೋಯುವ ಕೈಗೆ ಬೇಡ, ಮಡಿಸುವ ಸ್ನಾಯುಗಳು ಈಗಾಗಲೇ ದುಡಿದು ಸಾಕಾಗಿವೆ. ಅದರ ಬದಲು ಗಿರಣಿಯಲ್ಲಿ ಬಿಲ್ಲಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡನ್ನು ಐದೂ ಬೆರಳ ತುದಿಗೆ ಹಾಕಿ ಬಿಚ್ಚುವ ವ್ಯಾಯಾಮ ಮಾಡುತ್ತೇನೆ, ಬಿಚ್ಚುವ ಸ್ನಾಯುಗಳಿಗಾಗಿ.

ವೈದ್ಯರ ಬಳಿಗೆ ಯಾವಾಗ?

ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಹೆಬ್ಬೆರಳ ಬುಡದಲ್ಲಿ ಚುರುಕ್ಕೆಂದು ನೋವು ಹರಿದರೆ ರಜ್ಜುವಿನ ಹೊದಿಕೆ ಊದಿರುವ ಸಾಧ್ಯತೆ ಇದೆ. ವೈದ್ಯರು ನನಗೆ ಹೇಳಿದ್ದು ಹೆಬ್ಬೆರಳಿಗೆ ಆಸರೆ ಪಟ್ಟಿ ಮತ್ತು ಆರು ವಾರ ನೀರಿನಿಂದ ದೂರ. ಮೂರನೆಯ ವಾರ ಕದ್ದು ಹೋದೆ. ಆರು ವಾರ ಹತ್ತಾಯಿತು.

ಮುಂಗೈ ಮೇಲೆ ಬೆರಳಿಟ್ಟು ಮಣಿಕಟ್ಟು ಆಡಿಸಿದರೆ ಕರಕರ ಎನ್ನುವುದು, ವಿಶ್ರಾಂತಿ ಕೊಟ್ಟರೂ ಎರಡು ವಾರಕ್ಕೆ ಇಳಿಯದ ನೋವು, ಕೈಯಿಂದ ಲೋಟ ಜಾರುವುದು, ಇವು ಕಂಡರೂ ತೋರಿಸಿ. ಬೆರಳ ಜೋಮಿಗೆ ಕಾಯಿಸಿದ ಹರಳೆಣ್ಣೆ ತಿಕ್ಕಿದರೆ ಸಾಕು ಎನ್ನುತ್ತಾರೆ ಕಾಕಾ. ಅವರ ಮಾತು ನಾನು ಒಪ್ಪದಿರುವುದು ಅದೊಂದರಲ್ಲಿ ಮಾತ್ರ. ರಾತ್ರಿ ಎಬ್ಬಿಸುವ ಜೋಮು ತಿಂಗಳುಗಟ್ಟಲೆ ಉಳಿದರೆ ಹೆಬ್ಬೆರಳ ಬುಡದ ಮಾಂಸವೇ ಸವೆಯತೊಡಗಬಹುದು, ಎಣ್ಣೆ ತಿಕ್ಕುತ್ತ ಕಾಯುವ ಕಾಯಿಲೆ ಅದಲ್ಲ.